ಮದುವೆ ಕ್ಯಾಸೆಟ್ಟಿನ ಮಾಸಿದ ಬಣ್ಣ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮನೆಗಳಲ್ಲಿ 1980ರ ದಶಕದ ಕೊನೆಯಿಂದ 2000ದ ಆಚೀಚಿನವರೆಗೆ ನಡೆದ ಮದುವೆ, ಗೃಹಪ್ರವೇಶ, ನಾಮಕರಣ, ತೇರು, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಚಿತ್ರಗಳು ಬಹುಪಾಲು ಉಳಿದಿರುವುದು ವಿಎಚ್‌ಎಸ್ ಎಂಬ ಅರ್ಧ ಇಂಚು ಅಗಲದ ಕಾಂತೀಯ ಟೇಪಿನ ಮೇಲೆ. ಈ ಕ್ಯಾಸೆಟ್‌ಗಳನ್ನು ಇಂದು ಟೇಪು ಓದುವ ಯಂತ್ರವಾದ ವಿಸಿಆರ್‌ಗೆ ಹಾಕಿ ನೋಡಿದವರಿಗೆ ಧಾರೆ ಸೀರೆಯ ಕಡುಗೆಂಪು ಸುಟ್ಟ ಇಟ್ಟಿಗೆಯ ಬಣ್ಣದಲ್ಲಿಯೂ, ಚಪ್ಪರದ ಮಾವಿನೆಲೆ ಬೂದುಬಣ್ಣದಲ್ಲಿಯೂ, ಬಾಸಿಂಗ ಕಟ್ಟಿದ ಮದುಮಕ್ಕಳ ಮುಖಗಳು ಬಿಳಿಚಿಕೊಂಡೂ ಕಾಣುವುದರಿಂದ, ಬಣ್ಣವೆಲ್ಲ ಹೊರಟುಹೋಯಿತೆಂದು ತೀರ್ಮಾನಿಸಿ ಅವುಗಳನ್ನು ಹಳೆಯ ಸಾಮಾನಿನ ಜೊತೆ ಹೊರಹಾಕುವುದುಂಟು. ಈ ತೀರ್ಮಾನ ಬಹಳ ಸಲ ಅವಸರದ್ದು. ಟೇಪಿನ ಬಣ್ಣ ಬಟ್ಟೆಯ ಬಣ್ಣದಂತೆ ಬೆಳಕಿಗೆ ಮಾಸುವಂಥದ್ದಲ್ಲ; ಅದು ಒಂದು ವಿದ್ಯುತ್ ಸಂಕೇತ ಬಿಟ್ಟುಹೋದ ಕಾಂತೀಯ ಗುರುತು. ಆ ಸಂಕೇತ ಯಾವ ಹಂತದಲ್ಲಿ ಕ್ಷೀಣಿಸಿತೆಂಬುದನ್ನು ಪತ್ತೆಹಚ್ಚಿದರೆ ಅದರ ದೊಡ್ಡ ಭಾಗವನ್ನು ಮರಳಿ ಪಡೆಯಬಹುದು. ಆದರೆ ಟೇಪಿನಲ್ಲಿ ದಾಖಲಾಗದೇ ಹೋದ ಬಣ್ಣವನ್ನು ಯಾವ ಸಾಫ್ಟ್‌ವೇರ್ ಕೂಡ ಮರಳಿ ತರಲಾರದು, ಊಹಿಸಿ ಹಚ್ಚಬಲ್ಲದು ಅಷ್ಟೆ. ಪಡೆದುಕೊಂಡ ಬಣ್ಣ ಯಾವುದು, ಹಚ್ಚಿದ ಬಣ್ಣ ಯಾವುದು ಎಂಬ ವಿವೇಕವೇ ಈ ಕೆಲಸದ ತಿರುಳು.

ಸಿನಿಮಾ ಫಿಲ್ಮಿನ ಬಣ್ಣ ಮಾಸುವ ಬಗೆ ಇದಕ್ಕಿಂತ ಬೇರೆ. ಬಣ್ಣದ ಫಿಲ್ಮಿನಲ್ಲಿ ಹಳದಿ, ಮೆಜೆಂಟಾ ಎಂಬ ನೇರಳೆಗೆಂಪು ಮತ್ತು ಸಯಾನ್ ಎಂಬ ಹಸಿರುನೀಲಿ ಬಣ್ಣಗಳ ಮೂರು ಪದರಗಳಿದ್ದು, ಅವು ರಾಸಾಯನಿಕ ವಸ್ತುಗಳಾದ್ದರಿಂದ ಸೆಕೆಗೂ ತೇವಕ್ಕೂ ಒಂದೊಂದು ಒಂದೊಂದು ವೇಗದಲ್ಲಿ ಕ್ಷೀಣಿಸುತ್ತವೆ; 1970ರ ದಶಕದವರೆಗಿನ ಬಹಳಷ್ಟು ಪ್ರಿಂಟುಗಳಲ್ಲಿ ಸಯಾನ್ ಪದರ ಮೊದಲು ಸೋತಿದ್ದರಿಂದ ಇಡೀ ಚಿತ್ರ ಗುಲಾಬಿಗೆ ತಿರುಗಿರುತ್ತದೆ. ಸಿನಿಮಾದ ಬಣ್ಣವನ್ನು ಸರಿಪಡಿಸಿದ್ದಕ್ಕೆ ಚಿತ್ರದುರ್ಗದವರಿಗೆ ಬಹಳ ಹತ್ತಿರದ ಉದಾಹರಣೆಯೆಂದರೆ ‘ನಾಗರಹಾವು’. ತ.ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ, ದುರ್ಗದ ಕಲ್ಲಿನ ಕೋಟೆಯಲ್ಲಿ ಚಿತ್ರಿತವಾಗಿ 1972ರಲ್ಲಿ ತೆರೆಕಂಡ ಈ ಬಣ್ಣದ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದು, ಬಣ್ಣವನ್ನೂ ಧ್ವನಿಯನ್ನೂ ಹೊಸದಾಗಿ ಹದಗೊಳಿಸಿ 2018ರ ಜುಲೈನಲ್ಲಿ ಮರುಬಿಡುಗಡೆ ಮಾಡಲಾಯಿತು. ವಿಷ್ಣುವರ್ಧನ್ ಅವರ ರಾಮಾಚಾರಿಯನ್ನೂ ಜಯಂತಿಯವರ ಓಬವ್ವನನ್ನೂ ಟಿವಿಯಲ್ಲಷ್ಟೇ ಕಂಡಿದ್ದ ತಲೆಮಾರು ಆಗ ಚಿತ್ರಮಂದಿರದಲ್ಲಿ ಕಂಡಿತು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಫಿಲ್ಮನ್ನು ಒಂದೊಂದು ಚೌಕಟ್ಟಾಗಿ ಸ್ಕ್ಯಾನ್ ಮಾಡಿ ತಿದ್ದುವ ಆ ಬಗೆಯ ಖರ್ಚು ಮನೆಯ ವಿಡಿಯೊಗೆ ಬೇಕಿಲ್ಲ. ಮೂಲದಲ್ಲಿ ಏನು ಉಳಿದಿದೆ ಎಂದು ಮೊದಲು ಅಳೆದು ಆಮೇಲೆ ತಿದ್ದಬೇಕೆಂಬ ಕ್ರಮ ಮಾತ್ರ ಎರಡಕ್ಕೂ ಒಂದೇ.

ಟೇಪಿನ ಮೇಲೆ ಬಣ್ಣ ಹೇಗೆ ದಾಖಲಾಗುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ತಿದ್ದುಪಡಿಯೂ ಇದನ್ನೇ ಅವಲಂಬಿಸಿದೆ. ಭಾರತದಲ್ಲಿ ಬಣ್ಣದ ದೂರದರ್ಶನ ಆರಂಭವಾದದ್ದು ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ. ಅದಕ್ಕೆ ಆರಿಸಿಕೊಂಡದ್ದು ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿ ವಾಲ್ಟರ್ ಬ್ರೂಖ್ ಎಂಬ ಎಂಜಿನಿಯರ್ ರೂಪಿಸಿದ, ಒಂದು ಚಿತ್ರವನ್ನು 625 ಗೆರೆಗಳಾಗಿ ವಿಂಗಡಿಸಿ ಸೆಕೆಂಡಿಗೆ 25 ಚಿತ್ರಗಳನ್ನು ಕಳಿಸುವ ಪ್ಯಾಲ್ ಪದ್ಧತಿ. ಈ ಪದ್ಧತಿಯಲ್ಲಿ ಚಿತ್ರದ ಬೆಳಕು ನೆರಳುಗಳನ್ನು ಹೇಳುವ ಹೊಳಪಿನ ಸಂಕೇತ ಬೇರೆ, ಬಣ್ಣದ ಸಂಕೇತ ಬೇರೆ, ಎರಡನೆಯದು 4.43 ಮೆಗಾಹರ್ಟ್ಸ್ ಕಂಪನದ ಒಂದು ಅಲೆಯ ಮೇಲೆ ಸವಾರಿ ಮಾಡುತ್ತದೆ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್ ಟೇಪಿಗೆ ಅಷ್ಟು ವೇಗದ ಕಂಪನವನ್ನು ಹಿಡಿಯುವ ಶಕ್ತಿ ಇರಲಿಲ್ಲವಾದ್ದರಿಂದ, ಯಂತ್ರವು ಬಣ್ಣದ ಅಲೆಯನ್ನು ಸುಮಾರು 627 ಕಿಲೋಹರ್ಟ್ಸ್‌ಗೆ ಇಳಿಸಿ, ಹೊಳಪಿನ ಸಂಕೇತದ ಕೆಳಗಡೆ ಅದನ್ನು ಬರೆಯುತ್ತದೆ. ಈ ಇಳಿಕೆಯಲ್ಲಿ ಬಣ್ಣದ ಸೂಕ್ಷ್ಮತೆ ಬಹಳಷ್ಟು ನಷ್ಟವಾಗುತ್ತದೆ. ವಿಎಚ್‌ಎಸ್ ಚಿತ್ರದ ಅಡ್ಡಗಲದಲ್ಲಿ ಹೊಳಪಿನ ವಿವರ ಸುಮಾರು 240 ಗೆರೆಗಳಷ್ಟು ಉಳಿದರೆ ಬಣ್ಣದ ವಿವರ ಉಳಿಯುವುದು ಸುಮಾರು 40ರಷ್ಟು. ಕುಂಕುಮ ಹಣೆಯ ಅಂಚು ದಾಟಿ ಹರಡಿದಂತೆಯೂ, ಕೆಂಪು ಸೀರೆಯ ಬಣ್ಣ ಪಕ್ಕದವರ ತೋಳಿನ ಮೇಲೆ ಸೋರಿದಂತೆಯೂ ಕಾಣುವುದಕ್ಕೆ ಇದೇ ಕಾರಣ. ಅದು ಕಾಲದ ದೋಷವಲ್ಲ, ಚಿತ್ರೀಕರಣವಾದ ದಿನವೇ ಟೇಪಿನಲ್ಲಿ ಇದ್ದದ್ದು.

ಪ್ಯಾಲ್ ಪದ್ಧತಿಯ ಇನ್ನೊಂದು ಗುಣ ನಮ್ಮ ಕ್ಯಾಸೆಟ್‌ಗಳು ‘ಮಾಸಿದಂತೆ’ ಕಾಣುವುದನ್ನು ಚೆನ್ನಾಗಿ ವಿವರಿಸುತ್ತದೆ. ಬಣ್ಣದ ಅಲೆಯ ಕ್ರಮದಲ್ಲಿ ಏರುಪೇರಾದರೆ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಬಣ್ಣವೇ ಬದಲಾಗಿ ಮುಖ ಹಸಿರಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಪ್ಯಾಲ್‌ನಲ್ಲಿ ಗೆರೆ ಬಿಟ್ಟು ಗೆರೆಗೆ ಸಂಕೇತದ ಒಂದು ಭಾಗವನ್ನು ತಿರುವುಮುರುವಾಗಿ ಕಳಿಸಿ, ಅಕ್ಕಪಕ್ಕದ ಗೆರೆಗಳ ಸರಾಸರಿ ತೆಗೆಯುವುದರಿಂದ ಎದುರುಬದುರಾದ ತಪ್ಪುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಬಣ್ಣ ಬದಲಾಗುವುದಿಲ್ಲ, ಆದರೆ ಅದರ ಗಾಢತೆ ತಗ್ಗುತ್ತದೆ. ಕೆಂಪು ಕೆಂಪಾಗಿಯೇ ಉಳಿದು ತಿಳಿಯಾಗುತ್ತದೆ. ಹೀಗೆ ತಿಳಿಯಾದ ಬಣ್ಣವನ್ನು ಮರಳಿ ಗಾಢಗೊಳಿಸುವುದು, ಬದಲಾದ ಬಣ್ಣವನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಸುಲಭವಾದ್ದರಿಂದ ಇದು ಭಾರತೀಯ ಕ್ಯಾಸೆಟ್‌ಗಳ ಮಟ್ಟಿಗೆ ಒಂದು ಭಾಗ್ಯವೆಂದೇ ಹೇಳಬೇಕು. ಅಮೆರಿಕದಲ್ಲಿ ನೆಲೆಸಿದ ನೆಂಟರು ಅಲ್ಲಿಂದ ಕಳಿಸಿದ ಕ್ಯಾಸೆಟ್ ಇಲ್ಲಿನ ಯಂತ್ರದಲ್ಲಿ ಕಪ್ಪುಬಿಳುಪಾಗಿ ಕಂಡರೆ, ಅದರ ಬಣ್ಣ ಮಾಸಿದೆಯೆಂದು ತಿಳಿಯಬಾರದು. ಎರಡೂ ಪದ್ಧತಿಗಳನ್ನು ಓದಬಲ್ಲ ಯಂತ್ರಕ್ಕೆ ಹಾಕಿದರೆ ಬಣ್ಣ ಅಲ್ಲಿಯೇ ಇರುತ್ತದೆ.

ಹಾಗಾದರೆ ಮನೆಯ ಕ್ಯಾಸೆಟ್ಟಿನ ಬಣ್ಣವನ್ನು ತಿಂದದ್ದು ಯಾವುದು? ಮೊದಲ ಹೊಣೆಗಾರ ಪ್ರತಿಯ ಪ್ರತಿ. ಮದುವೆಯಲ್ಲಿ ಚಿತ್ರಿಸಿದ ಮೂಲ ಟೇಪನ್ನು ಸ್ಟುಡಿಯೊದಲ್ಲಿ ಇಟ್ಟುಕೊಂಡು, ಅದನ್ನು ಇನ್ನೊಂದು ಟೇಪಿಗೆ ಹಾಯಿಸುತ್ತ ಹಾಡು, ಹೆಸರು, ಹೂವಿನ ಚೌಕಟ್ಟುಗಳನ್ನು ಸೇರಿಸುವ ಮಿಕ್ಸಿಂಗ್ ಮುಗಿಸಿ, ಆ ಎರಡನೆಯ ಟೇಪಿನಿಂದ ಮನೆಯವರಿಗೆ ಪ್ರತಿ ಮಾಡಿಕೊಡುವ ರೂಢಿ ಇದ್ದುದರಿಂದ, ಮನೆಯ ಬೀರುವಿನಲ್ಲಿರುವುದು ಎಷ್ಟೋ ಸಲ ಮೂರನೆಯ ತಲೆಮಾರಿನ ಚಿತ್ರ. ಪ್ರತಿಯೊಂದು ತಲೆಮಾರಿಗೂ ಬಣ್ಣದ ಗದ್ದಲ, ಎಂದರೆ ಕೆಂಪು ನೀಲಿ ಕಲೆಗಳ ಕುದಿತ, ಹೆಚ್ಚುತ್ತದೆ, ಗಾಢತೆ ತಗ್ಗುತ್ತದೆ, ಬಣ್ಣ ವಸ್ತುವಿನಿಂದ ಒಂದೆರಡು ಗೆರೆ ಕೆಳಕ್ಕೆ ಜಾರುತ್ತದೆ. ಚಿತ್ರಿಸಿದ ಸ್ಟುಡಿಯೊ ಇನ್ನೂ ಇದ್ದರೆ ಮೂಲ ಟೇಪು ಸಿಕ್ಕೀತೇ ಎಂದು ವಿಚಾರಿಸುವುದು ಯಾವ ಸಾಫ್ಟ್‌ವೇರಿಗಿಂತಲೂ ಹೆಚ್ಚಿನ ಫಲ ಕೊಡುವ ಕೆಲಸ. ಎರಡನೆಯ ಕಾರಣ ಚಿತ್ರೀಕರಣದ ಬೆಳಕು: ಸುಮಾರು 3200 ಕೆಲ್ವಿನ್ ಬಣ್ಣದ ಉಷ್ಣತೆಯ, ಎಂದರೆ ಕಿತ್ತಳೆಗೆ ಹತ್ತಿರವಾದ ಹ್ಯಾಲೊಜನ್ ದೀಪ, ಕಲ್ಯಾಣ ಮಂಟಪದ ಹಸಿರು ಛಾಯೆಯ ಟ್ಯೂಬ್‌ಲೈಟು, ಬಾಗಿಲಿನಿಂದ ಒಳಬರುವ ನೀಲಿ ಛಾಯೆಯ ಹಗಲು, ಇವೆಲ್ಲ ಒಂದೇ ಚೌಕಟ್ಟಿನಲ್ಲಿ ಸೇರುತ್ತಿದ್ದವು. ಯಾವುದನ್ನು ಬಿಳಿ ಎಂದು ಹಿಡಿಯಬೇಕೆಂಬ ಕ್ಯಾಮೆರಾದ ಲೆಕ್ಕಾಚಾರಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಕ್ಯಾಮೆರಾ ತಿರುಗಿದಂತೆಲ್ಲ ಆ ಲೆಕ್ಕ ಹೊಯ್ದಾಡಿದ್ದು ಟೇಪಿನಲ್ಲಿ ಹಾಗೆಯೇ ಉಳಿದಿದೆ. ಟೇಪನ್ನು ಓದುವ ಹೆಡ್ಡು ಸವೆದಿರುವುದು, ಹೆಡ್ಡನ್ನು ಹೊತ್ತು ತಿರುಗುವ ಡ್ರಮ್ಮಿಗೆ ಕೊಳೆ ಕಟ್ಟಿರುವುದು, ಹೆಡ್ಡನ್ನು ಟೇಪಿನ ಗುರುತಿಗೆ ಹೊಂದಿಸುವ ಟ್ರ್ಯಾಕಿಂಗ್ ಸರಿಯಾಗಿ ಕೂರದಿರುವುದು ಇವು ಇಂದಿನ ಯಂತ್ರದ ದೋಷಗಳು. ಟೇಪಿನ ಕಾಂತೀಯತೆ ತಾನಾಗಿಯೇ ಕುಂದುವುದು ಇವೆಲ್ಲವುಗಳ ನಂತರದ, ನಿಧಾನದ ಸಂಗತಿ.

ಹವೆಯ ಮಾತೂ ಇಲ್ಲಿ ಸೇರಬೇಕು. ಕಾಂತೀಯ ಕಣಗಳನ್ನು ಪ್ಲಾಸ್ಟಿಕ್ ಪಟ್ಟಿಗೆ ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಕ್ರಮೇಣ ಸಡಿಲವಾಗುತ್ತದೆ. ಮಲೆನಾಡು ಕರಾವಳಿಗಳ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುವುದೂ ಸಾಮಾನ್ಯ. ಮಳೆ ಕಡಿಮೆಯಾದ ದುರ್ಗದ ಬಯಲುಸೀಮೆಯಲ್ಲಿ ಈ ಎರಡೂ ಅಪಾಯ ಕಡಿಮೆ. ಇಲ್ಲಿನ ಶತ್ರುಗಳು ದೂಳು ಮತ್ತು ಸೆಕೆ. ಬೇಸಿಗೆಯಲ್ಲಿ ಕಾಯುವ ತಾರಸಿಯ ಕೆಳಗಿನ ಅಟ್ಟದಲ್ಲಿ ಅಡ್ಡಲಾಗಿ ಪೇರಿಸಿಟ್ಟ ಕ್ಯಾಸೆಟ್‌ಗಳ ಟೇಪು ಹಿಗ್ಗಿ, ಅಂಚು ಮುದುರುತ್ತದೆ. ನೆಲಮಹಡಿಯ ತಂಪು ಕೋಣೆಯ ಬೀರುವಿನಲ್ಲಿ, ಪುಸ್ತಕ ನಿಲ್ಲಿಸುವ ಹಾಗೆ ನೇರವಾಗಿ, ಅದರದೇ ಡಬ್ಬಿಯಲ್ಲಿಡುವುದು ಸರಿಯಾದ ಕ್ರಮ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿದು ತೆಗೆದರೆ ಅದರ ಮೇಲೆ ತಪ್ಪಿ ಬೇರೇನನ್ನೋ ರೆಕಾರ್ಡ್ ಮಾಡಲಾಗುವುದಿಲ್ಲವಾದ್ದರಿಂದ, ಕೆಲಸಕ್ಕೆ ಕೈಹಾಕುವ ಮೊದಲು ಅದನ್ನು ನೋಡಿಕೊಳ್ಳಬೇಕು.

ಬಣ್ಣದ ಪುನರುದ್ಧಾರ ಕಂಪ್ಯೂಟರಿನಲ್ಲಿ ಆರಂಭವಾಗುತ್ತದೆಂಬುದು ಸಾಮಾನ್ಯ ತಪ್ಪುಗ್ರಹಿಕೆ. ಅದು ಆರಂಭವಾಗುವುದು ಟೇಪು ಓದುವ ಯಂತ್ರದಲ್ಲಿ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ದೊರೆಯುವುದಿಲ್ಲ. ಇರುವ ಹಳೆಯ ಯಂತ್ರಗಳ ಹೆಡ್ಡು, ಬೆಲ್ಟು, ರಬ್ಬರು ವರ್ಷವರ್ಷಕ್ಕೆ ಸವೆಯುತ್ತಿವೆ. ಟೇಪಿಗಿಂತ ಮೊದಲು ಯಂತ್ರವೇ ಮುಗಿದುಹೋಗುವ ಸಂಭವ ಹೆಚ್ಚಾದ್ದರಿಂದ ಈ ಕೆಲಸವನ್ನು ಇನ್ನೊಂದು ದಶಕ ಮುಂದೂಡುವಂತಿಲ್ಲ. ಟೇಪಿನ ಮೇಲೆ ಬೇರೆಬೇರೆಯಾಗಿರುವ ಹೊಳಪು ಮತ್ತು ಬಣ್ಣಗಳನ್ನು ಮಾಮೂಲಿ ಹಳದಿ ಪಿನ್ನಿನ ತಂತಿ ಮತ್ತೆ ಕಲಸಿ ಕಳಿಸುತ್ತದೆ. 1987ರಿಂದ ಬಂದ ಎಸ್-ವಿಎಚ್‌ಎಸ್ ಯಂತ್ರಗಳ ಎಸ್-ವಿಡಿಯೊ ತಂತಿ ಎರಡನ್ನೂ ಬೇರೆಯಾಗಿಯೇ ಕಳಿಸುತ್ತದೆ. ಅಂಥ ಯಂತ್ರ ಸಾಮಾನ್ಯ ವಿಎಚ್‌ಎಸ್ ಕ್ಯಾಸೆಟ್ಟನ್ನೂ ಓದುತ್ತದಾದ್ದರಿಂದ ಬಾಡಿಗೆಗೆ ದೊರೆತರೂ ಪ್ರಯೋಜನ ದೊಡ್ಡದು. ಟೈಮ್ ಬೇಸ್ ಕರೆಕ್ಟರ್ ಎಂಬ ಇನ್ನೊಂದು ಸಾಧನ ಹಿಂದೆಮುಂದೆ ಅಲುಗಾಡುವ ಗೆರೆಗಳನ್ನು ಸಾಲಿಗೆ ತರುತ್ತದೆ. ಸಂಕೇತವನ್ನು ಕಂಪ್ಯೂಟರಿಗೆ ಇಳಿಸುವಾಗ ಹೊಳಪಿನ ಮಟ್ಟ ಮಿತಿಮೀರದಂತೆ ನೋಡಿಕೊಳ್ಳುವುದು ಬಹಳ ಮುಖ್ಯ, ಏಕೆಂದರೆ ಮಿತಿಮೀರಿ ಬಿಳಿಯಾದ ಪಂಚೆಯ ಮಡಿಕೆಗಳು ಒಮ್ಮೆ ಕಳೆದರೆ ಮುಂದೆ ಯಾವ ಹಂತದಲ್ಲಿಯೂ ಸಿಗುವುದಿಲ್ಲ. ಅಗ್ಗದ ಯುಎಸ್‌ಬಿ ಸಾಧನಗಳು ಈ ಮಟ್ಟವನ್ನು ತಮ್ಮಷ್ಟಕ್ಕೆ ಏರಿಸಿ ಇಳಿಸಿ ಬಹಳಷ್ಟು ಚಿತ್ರಗಳನ್ನು ಕೆಡಿಸುತ್ತವೆ. 720 ಅಡ್ಡ, 576 ಉದ್ದದ ಬಿಂದುಗಳ ಪ್ಯಾಲ್ ಚಿತ್ರವನ್ನು ಯಾವ ಸಂಕೋಚನವೂ ಇಲ್ಲದೆ ಇಳಿಸಿದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಜಾಗ ಬೇಕು. ಹಫ್‌ವೈಯುವಿಯಂಥ ನಷ್ಟರಹಿತ ಸಂಕೋಚನದಲ್ಲಿ ಅದರ ಅರ್ಧದ ಆಸುಪಾಸು ಸಾಕಾಗುತ್ತದೆ. ಇಂದಿನ ಹಾರ್ಡ್‌ಡಿಸ್ಕಿಗೆ ಇದು ಹೊರೆಯಲ್ಲ.

ಸಾಫ್ಟ್‌ವೇರಿನ ಆಯ್ಕೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಕಾಲಕ್ಕೆ ಸಿನಿಮಾ ಪ್ರಯೋಗಾಲಯಗಳಲ್ಲಿ ಮಾತ್ರ ಇದ್ದ ಡಾವಿಂಚಿ ಬಣ್ಣ ತಿದ್ದುವ ಯಂತ್ರವನ್ನು 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ಕೊಂಡ ಮೇಲೆ, ಡಾವಿಂಚಿ ರಿಸಾಲ್ವ್ ಎಂಬ ಅದರ ಸಾಫ್ಟ್‌ವೇರ್ ರೂಪ ಉಚಿತವಾಗಿಯೂ ದೊರೆಯುತ್ತಿದೆ. ಶಾಟ್‌ಕಟ್, ಕೆಡೆನ್‌ಲೈವ್ ಪೂರ್ತಿ ಉಚಿತ. ಅಡೋಬ್ ಪ್ರೀಮಿಯರ್‌ಗೆ ಹಣ ಕೊಡಬೇಕು. ಯಾವುದರಲ್ಲಾದರೂ ಕೆಲಸದ ಅನುಕ್ರಮ ಮುಖ್ಯ. ಮಾಸಿದ ಚಿತ್ರ ಕಂಡೊಡನೆ ಗಾಢತೆಯ ಗುಂಡಿಯನ್ನು ಏರಿಸುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಿದಾಗ ಬಣ್ಣದ ಜೊತೆಗೆ ಅದರ ಗದ್ದಲವೂ ಅಷ್ಟೇ ಏರಿ ಚಿತ್ರ ಅಸಹ್ಯವಾಗುತ್ತದೆ. ಆದ್ದರಿಂದ ಮೊದಲು ಬಣ್ಣದ ಪದರದ ಗದ್ದಲವನ್ನಷ್ಟೇ, ಹೊಳಪಿನ ಪದರವನ್ನು ಮುಟ್ಟದೆ, ಹಿಂದುಮುಂದಿನ ಚೌಕಟ್ಟುಗಳನ್ನು ಹೋಲಿಸಿ ತಗ್ಗಿಸಬೇಕು. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲವಾಗಿ, ವರ್ಚುವಲ್‌ಡಬ್ ಅಥವಾ ಆವಿಸಿಂತ್ ಎಂಬ ಉಚಿತ ಸಾಧನಗಳಲ್ಲಿ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಕೆಳಕ್ಕೆ ಜಾರಿದ ಬಣ್ಣದ ಪದರವನ್ನು ಅಲ್ಲಿಯೇ ಎರಡು ಮೂರು ಗೆರೆ ಮೇಲಕ್ಕೆತ್ತಿದರೆ ತುಟಿಯ ಕೆಂಪು ಮರಳಿ ತುಟಿಯ ಮೇಲೆ ಕೂರುತ್ತದೆ. ಆಮೇಲೆ ಕಪ್ಪು ಬಿಳುಪುಗಳ ಮಟ್ಟ, ಅನಂತರ ಬಣ್ಣದ ಛಾಯೆಯ ಸಮತೋಲ, ಕಟ್ಟಕಡೆಗೆ ಗಾಢತೆ.

ಕಣ್ಣು ಈ ಕೆಲಸದಲ್ಲಿ ನಂಬಲರ್ಹ ಸಾಕ್ಷಿಯಲ್ಲ, ಏಕೆಂದರೆ ಕಿತ್ತಳೆ ಛಾಯೆಯ ಚಿತ್ರವನ್ನು ಹತ್ತು ನಿಮಿಷ ನೋಡಿದರೆ ಅದೇ ಸಹಜವೆನಿಸತೊಡಗುತ್ತದೆ. ಅದಕ್ಕಾಗಿಯೇ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಅಳತೆಯ ಫಲಕಗಳಿವೆ. ವೇವ್‌ಫಾರ್ಮ್ ಎಂಬುದು ಚಿತ್ರದ ಯಾವ ಭಾಗ ಎಷ್ಟು ಹೊಳಪಾಗಿದೆ ಎಂಬುದನ್ನು ಕೆಳಗಿನ ಕಪ್ಪಿನಿಂದ ಮೇಲಿನ ಬಿಳುಪಿನವರೆಗೆ ತೋರಿಸುತ್ತದೆ. ವೆಕ್ಟರ್‌ಸ್ಕೋಪ್ ಎಂಬುದು ಒಂದು ವೃತ್ತ. ಅದರ ಕೇಂದ್ರ ಬಣ್ಣವೇ ಇಲ್ಲದ ಬೂದು, ಕೇಂದ್ರದಿಂದ ದೂರ ಹೋದಷ್ಟೂ ಬಣ್ಣ ಗಾಢ, ಹೋದ ದಿಕ್ಕು ಯಾವುದೋ ಅದು ಯಾವ ಬಣ್ಣವೆಂಬುದರ ಸೂಚನೆ. ಬಯಲುಸೀಮೆಯ ಮದುವೆಯ ವಿಡಿಯೊದಲ್ಲಿ ಈ ಅಳತೆಗೆ ಬೇಕಾದ ಗುರುತುಗಳು ಧಾರಾಳವಾಗಿ ದೊರೆಯುತ್ತವೆ: ಹಿರಿಯರ ಬಿಳಿ ಪಂಚೆ, ರುಮಾಲುಗಳು ವೆಕ್ಟರ್‌ಸ್ಕೋಪಿನ ಕೇಂದ್ರಕ್ಕೆ ಬರಬೇಕು, ಹೆಗಲ ಮೇಲಿನ ಕರಿ ಕಂಬಳಿಯ ಮಡಿಕೆ ವೇವ್‌ಫಾರ್ಮಿನ ತಳಕ್ಕೆ ಹತ್ತಿರವಾಗಬೇಕು. ನೀಲಿ ಹಾಕಿ ಒಗೆದ ಪಂಚೆ ತುಸು ನೀಲಿಯತ್ತ ವಾಲುವುದು ಸಹಜವಾದ್ದರಿಂದ ಅಷ್ಟು ವಾಲುವಿಕೆಗೆ ಅವಕಾಶ ಕೊಡಬೇಕು. ಹಿನ್ನೆಲೆಯಲ್ಲಿ ಕಂಡರೆ ದುರ್ಗದ ಕೋಟೆಯ ಬಂಡೆಯನ್ನು ಬೂದುಬಣ್ಣದ ಮಾದರಿಯಾಗಿ ಹಿಡಿಯುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಗಾಳಿ ಮಳೆಗೆ ಮಾಗಿದ ಬಂಡೆಯ ಮೈ ಕಂದುಛಾಯೆಯದು. ಅದನ್ನು ಶುದ್ಧ ಬೂದು ಮಾಡಲು ಹೋದರೆ ಇಡೀ ಚಿತ್ರ ನೀಲಿಗಟ್ಟುತ್ತದೆ. ಇವೆಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಮನೆಯ ಟ್ರಂಕಿನಲ್ಲಿಯೇ ಇರಬಹುದು. ಧಾರೆಯ ಸೀರೆ ಇನ್ನೂ ಉಳಿದಿದ್ದರೆ ಅದರ ಒಳಮಡಿಕೆಯನ್ನು ಹಗಲಿನ ನೆರಳಿನಲ್ಲಿ ಬಿಳಿ ಹಾಳೆಯ ಪಕ್ಕ ಹರಡಿ ಫೋಟೊ ತೆಗೆದುಕೊಂಡು, ಪರದೆಯ ಮೇಲೆ ಅದನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿದರೆ ಊಹೆಗೆ ಹೆಚ್ಚು ಜಾಗವಿರುವುದಿಲ್ಲ.

ಮುಖದ ಬಣ್ಣದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮನುಷ್ಯರ ಚರ್ಮದ ಬಣ್ಣಗಳು ಎಷ್ಟೇ ಬೇರೆಯಾಗಿ ಕಂಡರೂ ವೆಕ್ಟರ್‌ಸ್ಕೋಪಿನಲ್ಲಿ ಅವೆಲ್ಲ ಕೆಂಪು ಮತ್ತು ಹಳದಿಯ ನಡುವಿನ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತವೆ. ಕಪ್ಪು ಮೈಬಣ್ಣಕ್ಕೂ ಬಿಳಿ ಮೈಬಣ್ಣಕ್ಕೂ ಇರುವ ಮುಖ್ಯ ವ್ಯತ್ಯಾಸ ದಿಕ್ಕಿನದಲ್ಲ, ಹೊಳಪಿನದು. ಹೀಗಿರುವಾಗ ಮುಖಗಳನ್ನು ಆ ಗೆರೆಗೆ ತರುವುದಷ್ಟೇ ತಿದ್ದುವವರ ಹಕ್ಕು. ಅದನ್ನು ಬಿಟ್ಟು ಹೊಳಪನ್ನು ಏರಿಸಿ, ಹೊಲದ ಬಿಸಿಲಿನಲ್ಲಿ ದುಡಿದವರ ಮೈಬಣ್ಣವನ್ನು ಬೆಳ್ಳಗಾಗಿಸುವುದು ಅವರ ಚಿತ್ರವನ್ನು ಅವರಿಂದ ಕಸಿದುಕೊಂಡಂತೆ. ಮೊಬೈಲಿನ ಸಿದ್ಧ ಫಿಲ್ಟರುಗಳು ಇದನ್ನು ಕೇಳದೆಯೇ ಮಾಡುತ್ತವೆ. ಮೊಮ್ಮಕ್ಕಳಿಗೆ ಅಜ್ಜಿಯ ಮುಖ ಅಜ್ಜಿಗಿದ್ದ ಬಣ್ಣದಲ್ಲಿಯೇ ದಕ್ಕಬೇಕು.

ಎಲ್ಲ ಛಾಯೆಯೂ ದೋಷವಲ್ಲ ಎಂಬುದನ್ನೂ ಮರೆಯಬಾರದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಶಿವಸಂಚಾರ ನಾಟಕ ತಂಡ ಆರಂಭವಾದಂದಿನಿಂದ ನಡೆದ ರಂಗಪ್ರಯೋಗಗಳನ್ನು ಯಾರಾದರೂ ಮನೆಯ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರೆ, ಅಲ್ಲಿನ ಕೆಂಪು ನೀಲಿ ಬೆಳಕು ನಿರ್ದೇಶಕರು ಬೇಕೆಂದೇ ಚೆಲ್ಲಿದ್ದು; ಸಾಫ್ಟ್‌ವೇರಿನ ತಾನೇತಾನಾಗಿ ತಿದ್ದುವ ಗುಂಡಿ ಅದನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಶಾಮಿಯಾನದ ಬಣ್ಣದ ಬಟ್ಟೆ ಸೋಸಿ ಬಂದ ಬಿಸಿಲು ಊಟದ ಪಂಕ್ತಿಯ ಮೇಲೆ ಹಳದಿಯಾಗಿ ಬಿದ್ದಿದ್ದರೆ ಅದರಲ್ಲಿ ಅರ್ಧವನ್ನಾದರೂ ಉಳಿಸುವುದು ಆ ಹಗಲಿಗೆ ನ್ಯಾಯ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಸಂಗತಿ ಇನ್ನೂ ಸೂಕ್ಷ್ಮವಾದುದು. ಮಾರಿಕಣಿವೆ ಎಂದು ಜನ ಕರೆಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆದ್ದರಿಂದ ಕ್ಯಾಸೆಟ್ ಕಾಲದ ಪ್ರವಾಸದ ವಿಡಿಯೊಗಳಲ್ಲಿರುವುದೆಲ್ಲ ತುಂಬದ ಜಲಾಶಯ. ಬರಿದಾದ ದಂಡೆಯ ಕಂದುಮಣ್ಣು, ಒಣಗುಡ್ಡ, ಹಿಂದೆ ಸರಿದ ನೀರಿನ ಗುರುತು ಇವೆಲ್ಲ ಆ ವರ್ಷಗಳ ಬರವನ್ನು ದಾಖಲಿಸಿರುವ ಬಣ್ಣಗಳು. ಅಂದಕ್ಕಾಗಿ ಗುಡ್ಡವನ್ನು ಹಸಿರಾಗಿಸಿ ನೀರನ್ನು ನೀಲಿಯಾಗಿಸಿದರೆ ಆ ದಾಖಲೆ ಸುಳ್ಳಾಗುತ್ತದೆ.

ಕಪ್ಪುಬಿಳುಪಿಗೆ ಬಣ್ಣ ಹಚ್ಚುವುದು ಬೇರೆಯೇ ಕಲೆ. 1965ರ ‘ಸತ್ಯ ಹರಿಶ್ಚಂದ್ರ’ ಬಣ್ಣ ತಳೆದು 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ತೆರೆಗೆ ಮರಳಿದಾಗ ಪ್ರೇಕ್ಷಕರಿಗೆ ಅವು ಹೊಸದಾಗಿ ಬಣ್ಣ ಹಚ್ಚಿದ ಚಿತ್ರಗಳೆಂದು ತಿಳಿದೇ ಇತ್ತು. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳು ಮನೆಯ ವಿಡಿಯೊಗೂ ಇದನ್ನೇ ಮಾಡುತ್ತವೆ, ಆದರೆ ಹೇಳದೆ ಮಾಡುತ್ತವೆ: ತಾವು ಕಲಿತ ಲಕ್ಷಾಂತರ ಚಿತ್ರಗಳ ಆಧಾರದಿಂದ ಮಂಜಾದ ಮುಖಕ್ಕೆ ಕಣ್ಣು ಮೂಗು ತಿದ್ದಿ, ಇರದ ಬಣ್ಣ ತುಂಬುತ್ತವೆ. ದೂರದಲ್ಲಿ ನಿಂತಿದ್ದ ಸೋದರಮಾವನ ಮುಖ ಸ್ಪಷ್ಟವಾಗುತ್ತದೆ, ಆದರೆ ಅದು ಆತನದಾಗಿರುವುದಿಲ್ಲ. ಗೆರೆಗಳ ಅಲುಗಾಟ ನೀಗಿಸಲು, ಗದ್ದಲ ತಗ್ಗಿಸಲು ಈ ಸಾಧನಗಳನ್ನು ಬಳಸಬಹುದು. ಮುಖಗಳ ಮೇಲೆ ಅವುಗಳ ಕೈ ಆಡದಿರುವುದೇ ಲೇಸು.

ಕೆಲಸ ಮುಗಿದ ಮೇಲೆ ಮೂರು ವಸ್ತುಗಳು ಉಳಿಯಬೇಕು: ಟೇಪು, ಯಾವ ತಿದ್ದುಪಡಿಯೂ ಇಲ್ಲದೆ ಇಳಿಸಿಕೊಂಡ ನಷ್ಟರಹಿತ ಕಡತ, ತಿದ್ದಿದ ಪ್ರತಿ. ನೆಂಟರಿಗೆ ಹಂಚಲು ಮೂರನೆಯದರ ಚಿಕ್ಕ ರೂಪ ಸಾಕು, ಆದರೆ ಎರಡನೆಯದನ್ನು ಅಳಿಸಲೇಬಾರದು. ಹತ್ತು ವರ್ಷಗಳ ನಂತರ ಇದಕ್ಕಿಂತ ಒಳ್ಳೆಯ ಸಾಧನ ಬಂದಾಗ ಕೆಲಸ ಮತ್ತೆ ಆರಂಭವಾಗುವುದು ಅಲ್ಲಿಂದಲೇ. ಅದರ ಒಂದು ಪ್ರತಿ ಇನ್ನೊಂದು ಊರಿನ ಮನೆಯಲ್ಲಿರುವುದು ಒಳಿತು. ಕಡತದ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿಯನ್ನೂ ಇಟ್ಟು, ಅದರಲ್ಲಿ ಸಮಾರಂಭದ ದಿನ ಮತ್ತು ಸ್ಥಳ, ಗುರುತು ಸಿಕ್ಕವರ ಹೆಸರು, ಇಳಿಸಿದ ಯಂತ್ರ, ತಿದ್ದಿದ ಅನುಕ್ರಮ, ಸೀರೆ ಅಥವಾ ಹಿರಿಯರ ನೆನಪನ್ನು ಆಧರಿಸಿ ನಿರ್ಧರಿಸಿದ ಬಣ್ಣಗಳು ಯಾವುವು, ಬರಿಯ ಊಹೆಯಿಂದ ಹಚ್ಚಿದ್ದು ಯಾವ ನಿಮಿಷದ ಯಾವ ದೃಶ್ಯಕ್ಕೆ ಎಂಬುದನ್ನು ಬರೆದಿಡಬೇಕು. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಅವರನ್ನು ಪರದೆಯ ಮುಂದೆ ಕೂರಿಸಿಕೊಂಡು ಈ ಟಿಪ್ಪಣಿಯ ಹೆಸರುಗಳ ಭಾಗವನ್ನು ತುಂಬಿಸುವುದಾದರೆ, ಬಣ್ಣ ತಿದ್ದುವುದಕ್ಕಿಂತ ಮೊದಲೇ ಅದನ್ನು ಮಾಡಬೇಕು.